ಪಾಳಯ ಬಿಟ್ಟು ಪುರಸಭೆಗೆ

1948ರ ಸೆಪ್ಟೆಂಬರಿಗೆ ಬೀದರ್ ಜಿಲ್ಲೆಯಲ್ಲಿ ಎರಡು ಹೆಸರುಗಳಿವೆ. ಒಂದು ಮನೆಯಲ್ಲಿ ಅದು ‘ವಿಮೋಚನೆ’, ಪಕ್ಕದ ಮನೆಯಲ್ಲಿ ‘ಪೊಲೀಸ್ ಆ್ಯಕ್ಷನ್’. ಭಾಲ್ಕಿಯಲ್ಲಾಗಲಿ ಔರಾದಿನಲ್ಲಾಗಲಿ ಹಿರಿಯರ ಮಾತಿನಲ್ಲಿ ನಾವು ಇವೆರಡನ್ನೂ ಕೇಳಿದ್ದೇವೆ. ಎರಡರ ಹಿಂದೆಯೂ ಹೆಣಗಳಿವೆ. ಆ ವರ್ಷದ ಮೇ ತಿಂಗಳಲ್ಲಿ ಗೋರ್ಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಕಗ್ಗೊಲೆಯನ್ನು ಅಲ್ಲಗಳೆಯುವಂತಿಲ್ಲ. ಸೆಪ್ಟೆಂಬರಿನ ನಂತರ ಮುಸ್ಲಿಮರ ಮೇಲೆ ನಡೆದುದನ್ನೂ ಅಲ್ಲಗಳೆಯುವಂತಿಲ್ಲ. ನೆಹರೂ ಸರಕಾರ ಕಳುಹಿಸಿದ್ದ ಪಂಡಿತ ಸುಂದರಲಾಲರ ತಂಡ, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿದೆ.

ಇಂಥ ನೆಲದಲ್ಲಿ ಹೋರಾಟಗಾರನೊಬ್ಬ ಪುರಸಭೆಯ ಕುರ್ಚಿಯಲ್ಲಿ ಕುಳಿತರೆ ಅವನ ಕರ್ತವ್ಯವೇನು? ಭಾಲ್ಕಿಯ ಭೀಮಣ್ಣ ಖಂಡ್ರೆಯವರ ಬದುಕು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ಸಮವಸ್ತ್ರ ತೊಟ್ಟ ಸಿಪಾಯಿ ಅವರಲ್ಲವಾದರೂ, ನಿಜಾಮನ ಆಳ್ವಿಕೆ ಮತ್ತು ರಜಾಕಾರರ ವಿರುದ್ಧದ ಹೋರಾಟದಿಂದ ಬಂದವರು. 1953ರಲ್ಲಿ ಭಾಲ್ಕಿ ಪುರಸಭೆಯ ಅಧ್ಯಕ್ಷರಾದರು. ಮುಂದೆ ಶಾಸಕರಾಗಿ, 1990ರ ದಶಕದ ಆರಂಭದಲ್ಲಿ ವೀರಪ್ಪ ಮೊಯಿಲಿಯವರ ಸಂಪುಟದಲ್ಲಿ ಸಾರಿಗೆ ಸಚಿವರೂ ಆದರು. ಒಬ್ಬ ವ್ಯಕ್ತಿಯ ಗುಣದೋಷಗಳನ್ನು ತೂಗುವುದು ನಮ್ಮ ಉದ್ದೇಶವಲ್ಲ. 1948ರಿಂದ 1953ರವರೆಗಿನ ಐದೇ ವರ್ಷಗಳ ಆ ದಾರಿ ಎಷ್ಟು ಕಠಿಣವಾದುದೆಂದು ಯೋಚಿಸಬೇಕಾಗಿದೆ.

ಹೋರಾಟದಲ್ಲಿರುವುದು ಎರಡೇ ಪಾಳಯ: ನಮ್ಮವರು, ಅವರು. ಪುರಸಭೆಯ ದಫ್ತರದಲ್ಲಿ ಈ ವಿಂಗಡಣೆಗೆ ಜಾಗವಿಲ್ಲ. ಮನೆ ತೆರಿಗೆಯ ಪಟ್ಟಿಯಲ್ಲಿ ಎಲ್ಲರ ಹೆಸರೂ ಇರುತ್ತದೆ. ಗೆದ್ದವನ ಮಗಳೂ ಸೋತವನ ವಿಧವೆಯೂ ಒಂದೇ ನಳದ ಮುಂದೆ ಕೊಡ ಹಿಡಿದು ನಿಲ್ಲುತ್ತಾರೆ. ಶತ್ರುವನ್ನು ಎದುರಿಸಲು ಧೈರ್ಯ ಸಾಕು. ನಿನ್ನೆ ಎದುರು ಪಾಳಯದಲ್ಲಿದ್ದವನ ಅರ್ಜಿಗೆ ತಡಮಾಡದೆ ಸಹಿ ಹಾಕಲು ನ್ಯಾಯಬುದ್ಧಿ ಬೇಕು. ಇದು ಧೈರ್ಯಕ್ಕಿಂತ ಅಪರೂಪ.

ಹಾಗಾದರೆ ಆದದ್ದನ್ನೆಲ್ಲ ಮರೆಯಬೇಕೇ? ಬೇಡ. ಮರೆವು ಸತ್ತವರಿಗೆ ಮಾಡುವ ಅನ್ಯಾಯ. ನೆನಪು ಇರಲಿ, ಆದರೆ ಅದು ಯಾರ ಸರದಿಯನ್ನೂ ತಪ್ಪಿಸದಿರಲಿ. ಸೋತವರಿಗೂ ಒಂದು ಹೊಣೆಯಿದೆ. ಆ ಕುರ್ಚಿ ತಮ್ಮದೂ ಹೌದೆಂದು ತಿಳಿದು, ದಯೆ ಬೇಡದೆ ಹಕ್ಕನ್ನು ಕೇಳಬೇಕು. ದೂರ ನಿಂತು ಕೊರಗುವುದರಿಂದ ನಮ್ಮ ಬೀದಿಗೆ ದೀಪ ಬರುವುದಿಲ್ಲ.

ಬೀದರಿಗೆ ಇದು ಹೊಸ ಪಾಠವೇನಲ್ಲ. ಬಹಮನಿಗಳ ಮಂತ್ರಿ ಮಹಮೂದ್ ಗವಾನ್ ದಂಡನಾಯಕನೂ ಆಗಿದ್ದ, ಗೋವಾ ಗೆದ್ದವನು. ಆದರೆ ಬೀದರಿಗೆ ಬಂದವರು ಇಂದಿಗೂ ಕೇಳುವುದು ಅವನ ಮದರಸಾದ ದಾರಿಯನ್ನೇ.