ಸಾವಿರ ಸುಳ್ಳು, ಒಂದು ರಿಪೋರ್ಟು

ಹೋದ ವರ್ಷ ಲ್ಯಾಬಿನಿಂದ ನನ್ನ ಮೊಬೈಲಿಗೆ ಒಂದು ಪಿಡಿಎಫ್ ಬಂತು. ತೆರೆಯೋಕೆ ಪಾಸ್‌ವರ್ಡ್ ಬೇಕು. ಒಳಗೆ ಎಂಟು ಸಾಲು, ಮೂರು ಸಾಲಿನ ಮುಂದೆ ದಪ್ಪಕ್ಷರದಲ್ಲಿ ‘ಹೈ’ ಅಂತ ಇತ್ತು. ಎ.ಎಂ.ಎಚ್ ಹೈ, ಎಲ್.ಎಚ್ ಹೈ, ಟೆಸ್ಟೋಸ್ಟೆರಾನ್ ಸ್ವಲ್ಪ ಹೈ.

ಹೆದರಿಕೆಗಿಂತ ಮೊದಲು ನಗು ಬಂದಿದ್ದು ಆ ಪಾಸ್‌ವರ್ಡಿಗೆ. ತಿಪಟೂರು ಕಡೆಯ ನಮ್ಮ ಹಳ್ಳಿಯಲ್ಲಿ ಈ ವಿಷಯಕ್ಕೆ ಬಾಗಿಲೇ ಇರಲಿಲ್ಲ. ಮುಟ್ಟಾದವರು ಮೂರು ದಿನ ಹೊರಗೆ ಕೂರಬೇಕಿತ್ತು. ಚಾಪೆ ಬೇರೆ, ಚೊಂಬು ಬೇರೆ. ಯಾರ ಮನೆಯಲ್ಲಿ ಯಾರು ಎಂದು ಹೊರಗಾದರು ಅನ್ನೋದು ಇಡೀ ಬೀದಿಗೆ ಗೊತ್ತು. ಪಿಯುಸಿ ಓದುವಾಗ ನಾನು ಎರಡು ತಿಂಗಳು ಹೊರಗೆ ಕೂರಲಿಲ್ಲ. ಅದರ ಲೆಕ್ಕ ಮೊದಲು ಹಿಡಿದಿದ್ದು ಅವ್ವ ಅಲ್ಲ, ಪಕ್ಕದ ಮನೆ ದೊಡ್ಡಮ್ಮ.

ಅಂಥ ಊರಿನ ಅವ್ವ ಈಗ ಫೋನಿನಲ್ಲಿ ದನಿ ತಗ್ಗಿಸಿ, “ಗಂಡಿನ ಕಡೆಯೋರ ಮುಂದೆ ಇದನ್ನೆಲ್ಲ ಬಾಯಿ ಬಿಡಬೇಡ ಕಣೆ” ಅಂದಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನೋ ಗಾದೆ ಇದೆಯಲ್ಲ. ಅವಳ ಪ್ರಕಾರ ಇದು ಸುಳ್ಳು ಕೂಡ ಅಲ್ಲ, ಬರೀ ಸುಮ್ಮನಿರೋದು.

ಸುಮ್ಮನಿರೋದು ಸುಳ್ಳಾಗುತ್ತಾ? ಮೊದಲು ನಾನು ನನ್ನ ಪರವಾಗಿಯೇ ವಾದ ಮಾಡ್ಕೊಂಡೆ. ಹುಡುಗನ ವೀರ್ಯ ಪರೀಕ್ಷೆಯ ರಿಪೋರ್ಟನ್ನ ಯಾರೂ ಕೇಳಲ್ಲ. ಅವರಪ್ಪನ ಶುಗರ್ ಎಷ್ಟು ಅಂತ ಯಾರೂ ಕೇಳಲ್ಲ. ನಾನೊಬ್ಬಳೇ ಯಾಕೆ ಪಿಡಿಎಫ್ ಹಿಡ್ಕೊಂಡು ನಿಲ್ಲಬೇಕು? ವಾದ ಚೆನ್ನಾಗಿದೆ, ಈಗಲೂ ಅದರಲ್ಲಿ ತಪ್ಪು ಕಾಣಲ್ಲ. ಆದರೆ ಅವರು ಹೇಳಲ್ಲ, ಅದಕ್ಕೇ ನಾನೂ ಹೇಳಲ್ಲ ಅನ್ನೋದು ಸಂತೆಯ ವ್ಯಾಪಾರದ ಮಾತು. ಸಂತೆಗೆ ಹೋಗೋದು ಬೇಡ ಅಂತಲೇ ಅಲ್ವಾ ನಾನು ಇಷ್ಟು ವರ್ಷ ಮದುವೆ ಮುಂದೂಡಿದ್ದು?

ಸರಿ, ಹೇಳೋದು ಅಂತಾದರೆ ಏನನ್ನ ಹೇಳೋದು? ಚಿಕ್ಕಮ್ಮನ ಮಗಳ ಹತ್ತಿರ ಒಮ್ಮೆ ‘ನಂಗೆ ಪಿಸಿಒಎಸ್ ಅಂತೆ’ ಅಂದಿದ್ದೆ. ಅವಳ ಕಣ್ಣು ತುಂಬಿತು. “ಅಯ್ಯೋ, ಹಂಗಾದ್ರೆ ಮಕ್ಕಳು?” ನಾನು ಹೇಳಿದ್ದು ನಿಜವಾದ ಒಂದೇ ಪದ. ಅವಳ ತಲೆಯೊಳಗೆ ಹೋಗಿ ಕೂತಿದ್ದು ಸುಳ್ಳು. ಅವಳಿಗೆ ನಾನು ನಿಜ ಹೇಳಿದೆನಾ? ಇನ್ನೊಂದು ಕಡೆ ‘ಸ್ವಲ್ಪ ಹಾರ್ಮೋನ್ ಏರುಪೇರು ಅಷ್ಟೆ’ ಅಂದರೂ ಒಂದೊಂದು ಪದವೂ ನಿಜವೇ, ಕೇಳಿದವರು ಮಾತ್ರ ಏನೂ ಇಲ್ಲ ಅಂದುಕೊಂಡು ಎದ್ದು ಹೋಗ್ತಾರೆ.

ಹೇಳೋ ಮೊದಲು ನಾನೇ ಓದಿ ತಿಳ್ಕೊಳ್ಳೋಣ ಅಂತ ಕೂತೆ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ ನನ್ನನ್ನ ಮಂಗ ಮಾಡಿತು: “ರಕ್ತ ಕೊಟ್ಟಿದ್ದು ಎಷ್ಟನೇ ದಿನ?” ಎಲ್.ಎಚ್ ತಿಂಗಳಿಡೀ ಒಂದೇ ಮಟ್ಟದಲ್ಲಿ ಇರಲ್ಲ, ಅಂಡ ಬಿಡುಗಡೆ ಆಗೋ ಮುಂಚೆ ಜೋರಾಗಿ ಏರುತ್ತೆ. ಅದಕ್ಕೇ ಸಾಮಾನ್ಯವಾಗಿ ಮುಟ್ಟಿನ ಎರಡನೇ ದಿನದಿಂದ ಐದನೇ ದಿನದೊಳಗೆ ನೋಡ್ತಾರೆ. ನಾನು ಕೊಟ್ಟಿದ್ದು 58ನೇ ದಿನ. ಟೈಮ್‌ಸ್ಟ್ಯಾಂಪ್ ಇಲ್ಲದ ಲಾಗ್ ಇಟ್ಕೊಂಡು ಬಗ್ ಹುಡುಕಿದ ಹಾಗೆ. ಗರ್ಭನಿರೋಧಕ ಮಾತ್ರೆ ತಗೊಳ್ತಿದ್ದರೆ ಟೆಸ್ಟೋಸ್ಟೆರಾನ್ ಸಂಖ್ಯೆಯನ್ನೂ ನಂಬೋಕಾಗಲ್ಲ. ಇನ್ನು ‘ನಾರ್ಮಲ್ ರೇಂಜ್’ ಅಂದರೆ ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನಡುವಿನ ಶೇಕಡಾ 95 ಮಂದಿ ಬೀಳುವ ಜಾಗ. ಹಾಗಾದರೆ ಆರೋಗ್ಯವಾಗಿರೋ 100 ಜನರಲ್ಲಿ ಐವರ ಸಾಲಿಗೂ ಹೈ ಅಂತಲೋ ಲೋ ಅಂತಲೋ ಬೀಳುತ್ತೆ!

ಪಿಸಿಒಎಸ್ ಹೌದೋ ಅಲ್ಲವೋ ಅಂತ ನಿರ್ಧರಿಸೋಕೆ 2003ರ ರಾಟರ್‌ಡ್ಯಾಮ್ ಮಾನದಂಡ ಇದೆ. ಮುಟ್ಟು ಏರುಪೇರಾಗಿರೋದು, ಆಂಡ್ರೋಜನ್ ಜಾಸ್ತಿ ಇರೋದು (ರಕ್ತದಲ್ಲಿ ಕಾಣಬಹುದು, ಗದ್ದದ ಕೂದಲಲ್ಲೂ ಕಾಣಬಹುದು), ಸ್ಕ್ಯಾನಿನಲ್ಲಿ ಅಂಡಾಶಯ ಆ ಥರ ಕಾಣೋದು, ಈ ಮೂರರಲ್ಲಿ ಎರಡಿದ್ದರೆ ಹೌದು. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ದೊಡ್ಡವರಲ್ಲಿ ಸ್ಕ್ಯಾನಿನ ಬದಲು ಎ.ಎಂ.ಎಚ್ ನೋಡಿದರೂ ಆಗುತ್ತೆ ಅಂತು. 35 ದಿನಕ್ಕಿಂತ ಜಾಸ್ತಿ ಅಥವಾ 21ಕ್ಕಿಂತ ಕಡಿಮೆ ಅಂತರ ಇದ್ದರೆ ಏರುಪೇರು. ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಸಲ ಆದರೂ ಅಷ್ಟೆ. ನನ್ನ ಅಂತರ ಹದಿನೈದು ವರ್ಷದಿಂದ 45ರಿಂದ 60 ದಿನ. ಗದ್ದಕ್ಕೆ ಹದಿನೈದು ದಿನಕ್ಕೊಮ್ಮೆ ಥ್ರೆಡ್ಡಿಂಗ್. ಅಂದರೆ ಆ ಪಿಡಿಎಫ್ ಬರೋ ಮುಂಚೆಯೇ ಮೂರರಲ್ಲಿ ಎರಡು ನನ್ನ ಮೈಮೇಲಿತ್ತು. ನನ್ನನ್ನ ಹೆದರಿಸಿದ ಮೂರು ಹೈಗಳಿಗಿಂತ, ನಾನು ಕಣ್ಣೆತ್ತಿಯೂ ನೋಡದ ಎರಡು ನಾರ್ಮಲ್ ಸಾಲುಗಳೇ ಡಾಕ್ಟರಿಗೆ ಮುಖ್ಯವಾಗಿದ್ದವು: ಥೈರಾಯ್ಡು, ಪ್ರೊಲ್ಯಾಕ್ಟಿನ್. ಮುಟ್ಟು ತಪ್ಪಿಸೋದರಲ್ಲಿ ಅವೂ ಗಟ್ಟಿಗರು, ಅವಲ್ಲ ಅಂತ ಮೊದಲು ಖಾತ್ರಿ ಆಗಬೇಕು.

‘ಸಿಸ್ಟ್’ ಅನ್ನೋ ಪದ ಗಡ್ಡೆ ಅಂತ ಕೇಳಿಸುತ್ತೆ. ಅವು ಗಡ್ಡೆಗಳಲ್ಲ, ಪೂರ್ತಿ ಬೆಳೆಯದೆ ನಿಂತ ಪುಟ್ಟ ಅಂಡಕೋಶಗಳು. ಎ.ಎಂ.ಎಚ್ ಬರೋದು ಅಂಥ ಪುಟ್ಟ ಕೋಶಗಳಿಂದಲೇ, ಅದಕ್ಕೇ ಹೈ. ಮಕ್ಕಳ ವಿಷಯಕ್ಕೆ ಬಂದರೆ, ಅಂಡ ಯಾವಾಗ ಬಿಡುಗಡೆ ಆಗುತ್ತೆ ಅನ್ನೋದಕ್ಕೆ ಗ್ಯಾರಂಟಿ ಇಲ್ಲ, ತಡ ಆಗಬಹುದು. ಎಷ್ಟೋ ಜನಕ್ಕೆ ತಾನಾಗೇ ಆಗುತ್ತೆ, ಇಲ್ಲದಿದ್ದರೆ ಲೆಟ್ರೋಜೋಲ್‌ನಂಥ ಮಾತ್ರೆ ಇದೆ. ನಿಜಕ್ಕೂ ತಲೆ ಕೆಡಿಸ್ಕೊಳ್ಳಬೇಕಾದ್ದು ಯಾರೂ ಕೇಳದ ಕಡೆ ಇದೆ. ಮುಂದೆ ಶುಗರ್ ಬರೋ ಅಪಾಯ ಜಾಸ್ತಿ. ಮುಟ್ಟು 90 ದಿನ ದಾಟಿದರೆ ಗರ್ಭಕೋಶದ ಒಳಪದರ ಸುಮ್ಮನೆ ದಪ್ಪ ಆಗ್ತಾ ಹೋಗುತ್ತೆ, ಹಾಗೆ ಬಿಡಬಾರದು.

ಜಯನಗರದ ಒಂದು ದರ್ಶಿನಿಯಲ್ಲಿ ಹುಡುಗನಿಗೆ ಇಷ್ಟನ್ನೂ ಹೇಳಿದೆ. ಕಾಫಿ ಎರಡು ಸಲ ಆಯ್ತು. ಒಳ್ಳೆಯವನೇ, ಗಮನ ಕೊಟ್ಟು ಕೇಳಿದ, ಒಂದೆರಡು ಸರಿಯಾದ ಪ್ರಶ್ನೆಯನ್ನೂ ಕೇಳಿದ. ಕೊನೆಗೆ, “ಅಮ್ಮನಿಗೆ ನಾನು ಏನಂತ ಹೇಳಲಿ?” ಅಂದ. ಅದು ನಿಮಗೆ ಬಿಟ್ಟಿದ್ದು ಅಂದೆ. ಜೊತೆಗೆ ಬದುಕಬೇಕಾದ ಅವನಿಗೆ ತಿಳಿಯೋ ಹಕ್ಕಿದೆ, ಅವರಮ್ಮನಿಗೆ ಇಲ್ಲ ಅನ್ನೋದು ನನ್ನ ಲೆಕ್ಕ. ಆದರೆ ಅವತ್ತು ನಾನು ನಿಜ ಹೇಳಿದೆನೋ, ನನ್ನ ತಲೆಮೇಲಿನ ಹೊರೆಯನ್ನ ಅವನ ತಲೆಗೆ ದಾಟಿಸಿದೆನೋ, ಇವತ್ತಿಗೂ ಬಗೆಹರಿದಿಲ್ಲ. ನಾನು ಒಂದು ತಿಂಗಳು ಓದಿ ಅರ್ಥ ಮಾಡ್ಕೊಂಡಿದ್ದನ್ನ ಅವನು ಅಡುಗೆಮನೆಯಲ್ಲಿ ನಿಂತು ಎರಡು ಮಾತಲ್ಲಿ ಹೇಳಬೇಕಿತ್ತು.

ವಾರ ಬಿಟ್ಟು ಮಧ್ಯಸ್ಥರ ಫೋನು ಬಂತು. ಜಾತಕ ಕೂಡಿಬರಲಿಲ್ಲವಂತೆ. ಎರಡು ತಿಂಗಳ ಹಿಂದೆ ಅದೇ ಜಾತಕದಲ್ಲಿ 36ಕ್ಕೆ 24 ಗುಣ ಕೂಡಿದೆ ಅಂತ ಹೇಳಿದ್ದು ಅವರೇ.

ಅವ್ವ ಬೈತಾಳೆ ಅಂದುಕೊಂಡಿದ್ದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ಈ ಸಲ ಎಷ್ಟು ದಿನ ಆಯ್ತೇ?” ಅಂದಳು.

“52.”

“90 ದಾಟೋಕೆ ಬಿಡಬೇಡ ಅಂದವ್ರಲ್ಲ ಡಾಕ್ಟ್ರು” ಅಂದಳು. “ಇಲ್ಲೇ ಕ್ಯಾಲೆಂಡರಲ್ಲಿ ಗುರುತು ಹಾಕ್ಕಂಡಿವ್ನಿ.”