ಕರೆಯುವ ಮೊದಲೇ ಬಂದವರು

ಪವರ್ ಬಟನ್ ಒತ್ತಿದ ಕ್ಷಣದಲ್ಲಿ ಲ್ಯಾಪ್‌ಟಾಪಿನ ಪ್ರೊಸೆಸರಿಗೆ ಗೊತ್ತಿರುವುದು ಒಂದೇ ಒಂದು ವಿಳಾಸ. ಒಡೆಯ ಯಾರು, ಪರದೆ ಎಲ್ಲಿದೆ, ನಿನ್ನೆ ರಾತ್ರಿ ಅರ್ಧಕ್ಕೆ ಬಿಟ್ಟ ಲೇಖನ ಯಾವುದು, ಒಂದೂ ಅದಕ್ಕೆ ತಿಳಿಯದು. ಮೆಮೊರಿ ಕೂಡ ಇನ್ನೂ ಬಳಕೆಗೆ ಸಿದ್ಧವಾಗಿರುವುದಿಲ್ಲ. ಇಂಟೆಲ್ ವಂಶದ ಇಂದಿನ ಪ್ರೊಸೆಸರುಗಳಲ್ಲಿ ಆ ವಿಳಾಸ ಇರುವುದು 4 ಜಿಬಿ ಗಡಿಗೆ ಬರೀ 16 ಬೈಟ್ ಈಚೆಗೆ. ಅಷ್ಟು ಕಿರಿದಾದ ಜಾಗದಲ್ಲಿ ಏನು ತಾನೇ ಹಿಡಿಸೀತು? ‘ಇಂಥಲ್ಲಿಗೆ ಹೋಗು’ ಎಂಬ ಒಂದು ಆದೇಶ, ಅಷ್ಟೆ. 1978ರಲ್ಲಿ ಬಂದ 8086 ಚಿಪ್ಪಿನ ಹಾಗೆ ಪ್ರೊಸೆಸರು 16 ಬಿಟ್ ಸ್ಥಿತಿಯಲ್ಲಿ ಕಣ್ಣು ಬಿಟ್ಟು, ಅಲ್ಲಿಂದ ಹಂತಹಂತವಾಗಿ ಮೇಲೇರಿ ತನ್ನ ಕಾಲಕ್ಕೆ ಬಂದು ಸೇರುತ್ತದೆ. ಅಜ್ಜನ ಬಾಲ್ಯವನ್ನು ದಿನವೂ ಒಮ್ಮೆ ಬದುಕಿ ಮುಗಿಸುವ ಈ ಪರಿ ನನ್ನನ್ನು ಬಹಳ ದಿನದಿಂದ ಕಾಡಿದೆ.

ಆಮೇಲಿನದು ಕೈಯಿಂದ ಕೈಗೆ ಹೋಗುವ ಕೆಲಸ. ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಫರ್ಮ್‌ವೇರ್ ಮೆಮೊರಿಯನ್ನು ಎಬ್ಬಿಸಿ, ಕೀಬೋರ್ಡು, ಡಿಸ್ಕು ಇವೆಯೇ ಎಂದು ನೋಡಿ, ಡಿಸ್ಕಿನಲ್ಲಿರುವ ಬೂಟ್‌ಲೋಡರಿಗೆ ಒಪ್ಪಿಸುತ್ತದೆ. ಅದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ಲಿಗೆ. ಕರ್ನೆಲ್ಲು ಡ್ರೈವರುಗಳನ್ನು, ಸೇವೆಗಳನ್ನು ಎಬ್ಬಿಸಿ ನಮ್ಮ ಪಾಸ್‌ವರ್ಡಿಗೆ ಕಾಯುತ್ತದೆ. ಇವರಲ್ಲಿ ಯಾರಿಗೂ ಪೂರ್ತಿ ದಾರಿ ಗೊತ್ತಿರಬೇಕಾಗಿಲ್ಲ. ಮುಂದಿನವರ ಮನೆ ಗೊತ್ತಿದ್ದರೆ ಸಾಕು. ಕರಾವಳಿಯಿಂದ ಮುಂಬಯಿಗೆ ಬಂದ ಹುಡುಗರೂ ಹೀಗೇ ಬಂದವರು. ಜೇಬಿನಲ್ಲಿದ್ದದ್ದು ಊರಿನವರೊಬ್ಬರ ಹೋಟೆಲಿನ ವಿಳಾಸ. ಅಲ್ಲಿ ಲೋಟ ತೊಳೆಯುವಾಗ ಕನ್ನಡ ರಾತ್ರಿಶಾಲೆಯ ಸುದ್ದಿ ಸಿಕ್ಕಿತು, ರಾತ್ರಿಶಾಲೆಯಲ್ಲಿ ಓದುವಾಗ ಆಫೀಸಿನ ಕೆಲಸದ ಸುಳಿವು. ಇಡೀ ಮುಂಬಯಿಯನ್ನು ತಿಳಿದುಕೊಂಡೇ ಹೊರಡುತ್ತೇವೆ ಎಂದಿದ್ದರೆ ಅವರು ಉಡುಪಿ ಬಿಡುತ್ತಲೇ ಇರಲಿಲ್ಲ.

ವಿಲೆ ಪಾರ್ಲೆ ಪೂರ್ವದ ನಮ್ಮ ಬಿಲ್ಡಿಂಗಿನ ಮೇಲಿನ ಮಾಳಿಗೆಯ ರಾಯರು ಹಾಗೆ ಬಂದು, ಬ್ಯಾಂಕಿನಲ್ಲಿ ದುಡಿದು, ನಿವೃತ್ತರಾದವರು. ಮಾಟುಂಗದ ಮೈಸೂರು ಅಸೋಸಿಯೇಶನ್, ಕಲೀನಾದಲ್ಲಿರುವ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಎಂದು ಓಡಾಡುತ್ತ, ಉಳಿದ ಹೊತ್ತಿನಲ್ಲಿ ಲೇಖನ ಬರೆಯುತ್ತಾರೆ. ಅವರ ಲ್ಯಾಪ್‌ಟಾಪು ಶುರುವಾಗಲು ಬಹಳ ಹೊತ್ತು ಬೇಕು.

“ಸ್ವಿಚ್ ಒತ್ತಿ, ಸ್ನಾನ ಮುಗಿಸಿ, ದೇವರಿಗೆ ದೀಪ ಹಚ್ಚಿ ಬಂದ್ರೂ ಆ ಚಕ್ರ ತಿರುಗ್ತಲೇ ಇರ್ತದೆ ಮಾರಾಯ್ರೆ. ಇದಕ್ಕೂ ನನ್ನ ಹಾಗೆ ವಯಸ್ಸಾಯ್ತು ಕಾಣ್ತದೆ.”

“ವಯಸ್ಸಿನಿಂದ ಅಲ್ಲ ರಾಯರೇ,” ಎಂದೆ.

“ಕಾಯುದಕ್ಕೆ ನನಗೇನೂ ಬೇಜಾರಿಲ್ಲ. ಸರ್ವಿಸಿನ ಉದ್ದಕ್ಕೂ ಸ್ಲೋ ಲೋಕಲಿಗೆ ಕಾದವ ನಾನು. ಆದ್ರೆ ಇಲ್ಲಿ ಯಾರಿಗೆ ಕಾಯ್ತಾ ಇದ್ದೇನೆ ಅಂತಲೇ ಗೊತ್ತಾಗುದಿಲ್ಲ.”

ಪಾರ್ಲೆಯಲ್ಲಿ ಸಾಮಾನ್ಯವಾಗಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ, ಹಾಗಾಗಿ ಇಲ್ಲಿನವರಿಗೆ ಕಾಯುವುದು ಅಭ್ಯಾಸ. ರಾಯರ ಪ್ರಶ್ನೆ ಅದಕ್ಕಿಂತ ಆಳದ್ದು. ಶುರುವಾಗಲು ಅಷ್ಟು ಕಡಿಮೆ ಸಾಕು ಎನ್ನುವಾಗ, ಇಷ್ಟು ಹೊತ್ತು ಯಾರ ಪಾಲಿಗೆ ಹೋಗುತ್ತಿದೆ?

ಪ್ರೊಸೆಸರು ಸವೆದು ನಿಧಾನವಾಗುವ ವಸ್ತುವಲ್ಲ. ಫ್ಯಾನಿಗೆ ಧೂಳು ಕಟ್ಟಿ ಬಿಸಿಯೇರಿದರೆ ವೇಗ ತಗ್ಗಿಸಿಕೊಳ್ಳುತ್ತದೆ, ಮುಂಬಯಿಯಲ್ಲಿ ಧೂಳಿಗೇನೂ ಬರವಿಲ್ಲ. ಆದರೂ ರಾಯರ ಯಂತ್ರದ ತೊಂದರೆ ಅದಾಗಿರಲಿಲ್ಲ. ಮೊದಲ ಕಾರಣ ಒಳಗಿದ್ದ ಹಾರ್ಡ್ ಡಿಸ್ಕು. ಅದರ ತಟ್ಟೆ ತಿರುಗುವುದು ನಿಮಿಷಕ್ಕೆ 5400 ಸುತ್ತು, ಎಂದರೆ ಸೆಕೆಂಡಿಗೆ 90. ಬೇಕಾದ ಅಕ್ಷರ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು ಸುಮಾರು ಐದೂವರೆ ಮಿಲಿಸೆಕೆಂಡು. ಮುಳ್ಳು ಸರಿಯಾದ ವರ್ತುಲಕ್ಕೆ ಸರಿಯಲು ಇನ್ನೊಂದು ಹನ್ನೆರಡು. ಅಲ್ಲಲ್ಲಿ ಚದುರಿದ ಸಾವಿರ ತುಣುಕು ಓದಲು ಸುಮಾರು ಹದಿನೇಳೂವರೆ ಸೆಕೆಂಡು ಹೋಯಿತು. ಶುರುವಾಗುವಾಗ ಓದಬೇಕಾದ ತುಣುಕುಗಳು ಸಾವಿರಗಟ್ಟಲೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಅಂಥ ಒಂದು ಓದಿಗೆ ಮಿಲಿಸೆಕೆಂಡಿನ ಹತ್ತರಲ್ಲೊಂದು ಭಾಗ ಸಾಕು. ಹಾರ್ಡ್ ಡಿಸ್ಕಿಗೆ ಇನ್ನೊಂದು ಕಷ್ಟವಿದೆ: ಇಬ್ಬರು ಒಟ್ಟಿಗೆ ಕೇಳಿದರೆ ಮುಳ್ಳು ಇವನಲ್ಲಿಂದ ಅವನಲ್ಲಿಗೆ, ಅವನಲ್ಲಿಂದ ಇವನಲ್ಲಿಗೆ ಅಲೆಯುತ್ತಲೇ ಇರಬೇಕು. ಹತ್ತು ಮಂದಿ ಒಟ್ಟಿಗೆ ಕೇಳಿದರೆ ಓದುವುದಕ್ಕಿಂತ ಅಲೆದಾಟವೇ ಹೆಚ್ಚು.

ಹಾಗೆ ಒಟ್ಟಿಗೆ ಕೇಳುವವರು ಯಾರು ಎಂದು ನೋಡಲು ಟಾಸ್ಕ್ ಮ್ಯಾನೇಜರಿನಲ್ಲಿ ‘ಸ್ಟಾರ್ಟ್‌ಅಪ್’ ಎಂಬ ಪುಟ ತೆರೆದೆವು. ರಾಯರು ಕನ್ನಡಕ ಸರಿಮಾಡಿಕೊಂಡು, ಬ್ಯಾಂಕಿನ ಲೆಡ್ಜರ್ ಓದುವ ಹಾಗೆ ಬೆರಳಿಟ್ಟು ಒಂದೊಂದೇ ಸಾಲು ಓದಿದರು. 2020ರ ಲಾಕ್‌ಡೌನಿನಲ್ಲಿ ಕವಿಗೋಷ್ಠಿಗಳೆಲ್ಲ ಪರದೆಗೆ ಬಂದಾಗ ಹಾಕಿಸಿಕೊಂಡ ವಿಡಿಯೊ ಮೀಟಿಂಗ್. ಎಂದೋ ಗುಜರಿಗೆ ಹೋದ ಪ್ರಿಂಟರಿನ ಸಹಾಯಕ. ಅವಧಿ ಮುಗಿದ ಆಂಟಿವೈರಸ್ ಒಂದು, ನಡೆಯುತ್ತಿರುವುದು ಇನ್ನೊಂದು. ಪಿಡಿಎಫ್ ತೆರೆಯುವ ತಂತ್ರಾಂಶಕ್ಕೆ ಹೊಸ ಆವೃತ್ತಿ ಬಂದಿದೆಯೇ ಎಂದು ವಿಚಾರಿಸುವುದಕ್ಕೇ ಒಬ್ಬ. ಹಾಡಿನ ಆ್ಯಪ್. ಫೋಟೊಗಳನ್ನು ಕ್ಲೌಡಿನಿಂದ ಇಳಿಸುವ ಒಂದು. ಮತ್ತೆ ಕನ್ನಡ ಬರೆಯುವ ‘ಬರಹ’. ಪ್ರತಿಯೊಂದರ ಎದುರಿಗೂ ಅದು ಹೇರುವ ಭಾರ ನಮೂದಾಗಿರುತ್ತದೆ: ‘ಹೈ’, ‘ಮೀಡಿಯಂ’, ‘ಲೋ’. ಶುರುವಿನಲ್ಲಿ ಪ್ರೊಸೆಸರಿನ ಒಂದು ಸೆಕೆಂಡಿಗಿಂತ ಹೆಚ್ಚು ತಿಂದರೆ, ಇಲ್ಲವೇ ಡಿಸ್ಕಿನಲ್ಲಿ 3 ಎಂಬಿಗಿಂತ ಹೆಚ್ಚು ಓಡಾಡಿದರೆ ‘ಹೈ’.

“ಇವರನ್ನೆಲ್ಲ ಕರೆದದ್ದು ಯಾರು?” ಎಂದರು ರಾಯರು.

ಇವುಗಳಲ್ಲಿ ಹೆಚ್ಚಿನವು ಯಾರೂ ಕರೆಯದೆ ಬಂದವು. ಆದರೆ ಕೆಟ್ಟ ಉದ್ದೇಶದಿಂದ ಬಂದವಲ್ಲ, ಯೋಚಿಸಬೇಕಾದದ್ದೂ ಅದೇ. ಮೀಟಿಂಗಿನ ಆ್ಯಪ್ ಬೆಳಗ್ಗೆಯೇ ಬಂದು ಕೂರುವುದು ಮಧ್ಯಾಹ್ನ ನಾವು ಕ್ಲಿಕ್ ಮಾಡಿದ ಕೂಡಲೇ ತೆರೆದುಕೊಳ್ಳಲಿ ಎಂದು. ‘ಎಷ್ಟು ಚುರುಕು!’ ಎಂದು ನಾವು ಮೆಚ್ಚುತ್ತೇವೆ. ಆ ಚುರುಕಿನ ಬೆಲೆಯನ್ನು ಬೆಳಗಿನ ಕಾಯುವಿಕೆಯಲ್ಲಿ ಆಗಲೇ ತೆತ್ತಿದ್ದೇವೆ ಎಂಬುದು ಹೊಳೆಯುವುದಿಲ್ಲ. ಹಾಡಿನ ಆ್ಯಪ್ಪಿನ ಲೆಕ್ಕವೂ ಅದೇ, ಉಳಿದವುಗಳದ್ದೂ ಅದೇ. ಪ್ರತಿಯೊಂದೂ ತಾನು ತಡ ಎನ್ನಿಸಿಕೊಳ್ಳಬಾರದು ಎಂದು ಹೊರಟು, ಎಲ್ಲವೂ ಸೇರಿ ಆರಂಭವನ್ನೇ ತಡಮಾಡುತ್ತವೆ. ಆರಂಭ ಎನ್ನುವುದು ಯಾರೊಬ್ಬರ ಸೊತ್ತೂ ಅಲ್ಲ, ಅದಕ್ಕೇ ಅದನ್ನು ಕಾಯುವವರಿಲ್ಲ.

ಕಾದವರೊಬ್ಬರಿದ್ದರು. 1983ರಲ್ಲಿ ಮೊದಲ ಮ್ಯಾಕಿಂಟಾಷ್ ತಯಾರಾಗುತ್ತಿದ್ದಾಗ ಅದು ಶುರುವಾಗುವುದು ತಡ ಎಂದು ಸ್ಟೀವ್ ಜಾಬ್ಸ್ ಎಂಜಿನಿಯರ್ ಲ್ಯಾರಿ ಕೆನ್ಯನ್ ಅವರ ಮೇಜಿಗೆ ಹೋದದ್ದನ್ನು ಆ ತಂಡದಲ್ಲಿದ್ದ ಆಂಡಿ ಹರ್ಟ್ಸ್‌ಫೆಲ್ಡ್ ಬರೆದಿಟ್ಟಿದ್ದಾರೆ. 50 ಲಕ್ಷ ಜನ ಇದನ್ನು ದಿನವೂ ಬಳಸಿದರೆ, ತಲೆಗೆ ಹತ್ತು ಸೆಕೆಂಡು ಉಳಿಸಿದರೂ ವರ್ಷಕ್ಕೆ ಎಷ್ಟೋ ಜೀವಮಾನ ಉಳಿಯುತ್ತದೆ ಎಂಬುದು ಜಾಬ್ಸ್ ಲೆಕ್ಕ. ಗುಣಿಸಿ ನೋಡಿದೆ: ಒಂದೇ ದಿನದಲ್ಲಿ 5 ಕೋಟಿ ಸೆಕೆಂಡು, ಅಂದರೆ ಸುಮಾರು 579 ದಿನ. ತಂಡ ಹತ್ತು ಸೆಕೆಂಡಿಗಿಂತ ಹೆಚ್ಚೇ ಉಳಿಸಿಕೊಟ್ಟಿತು. ಬೇರೆಯವರ ಸಮಯವನ್ನು ಜೀವಮಾನದ ಅಳತೆಯಲ್ಲಿ ಎಣಿಸಿದ ಆ ಲೆಕ್ಕ ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ. ಇಂದು ಪಟ್ಟಿಯಲ್ಲಿರುವ ಒಂದೊಂದು ಆ್ಯಪ್ಪಿನ ಹಿಂದೆಯೂ ಜಾಣರಿದ್ದಾರೆ, ಸೆಕೆಂಡು ಎಣಿಸುವವರಿದ್ದಾರೆ. ಅವರು ಎಣಿಸುವುದು ತಮ್ಮ ಆ್ಯಪ್ಪಿನ ಸೆಕೆಂಡುಗಳನ್ನು. ರಾಯರ ಬೆಳಗನ್ನು ಇಡಿಯಾಗಿ ಎಣಿಸುವವರಿಲ್ಲ.

ಆಪರೇಟಿಂಗ್ ಸಿಸ್ಟಮ್ಮೂ ಚುರುಕೆನ್ನಿಸಿಕೊಳ್ಳುವ ಇದೇ ಆಸೆಗೆ ಬಿದ್ದಿದೆ. 2012ರ ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟ್‌ಅಪ್’ ಎಂಬುದು ಬಂತು. ‘ಶಟ್ ಡೌನ್’ ಒತ್ತಿದಾಗ ನಮ್ಮ ಆ್ಯಪ್‌ಗಳು ಮುಚ್ಚುತ್ತವೆ, ಆದರೆ ಕರ್ನೆಲ್ಲು ತನ್ನ ಸ್ಥಿತಿಯನ್ನು ಹಾಗೇ ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ಮರುದಿನ ಹೊಸದಾಗಿ ಹುಟ್ಟುವುದಿಲ್ಲ, ನಿನ್ನೆಯದನ್ನೇ ಓದಿಕೊಂಡು ಏಳುತ್ತದೆ. ಚದುರಿದ ಸಾವಿರಾರು ಓದುಗಳ ಬದಲು ಒಂದೇ ಉದ್ದನೆಯ ಓದು, ಹಾರ್ಡ್ ಡಿಸ್ಕಿಗೆ ಅದು ನಿಜಕ್ಕೂ ಉಪಕಾರ. ಆದರೆ ನಿನ್ನೆ ಯಾವುದೋ ಡ್ರೈವರು ಎಡವಟ್ಟು ಮಾಡಿಕೊಂಡಿದ್ದರೆ ಅದೂ ಜೊತೆಯಲ್ಲೇ ಎದ್ದು ಬರುತ್ತದೆ. ಪೂರ್ತಿ ಮುಗಿದು ಮತ್ತೆ ಶುರುವಾಗುವುದು ಸಾಮಾನ್ಯವಾಗಿ ‘ರೀಸ್ಟಾರ್ಟ್’ ಒತ್ತಿದಾಗ. ದಿನವೂ ರಾತ್ರಿ ತಪ್ಪದೆ ಶಟ್ ಡೌನ್ ಮಾಡುತ್ತಿದ್ದ ರಾಯರಿಗೆ ಇದು ಹಿಡಿಸಲಿಲ್ಲ. “ಅಂದ್ರೆ ಇಷ್ಟು ದಿನ ನಾನು ಮುಚ್ಚಿಯೇ ಇರ್ಲಿಲ್ವ?” ಎಂದರು. ಕೊನೆಯನ್ನು ಹೀಗೆ ಅರ್ಧ ಮಾಡಿ ಆರಂಭವನ್ನು ಬೇಗ ಮಾಡುವುದು ನನಗೂ ಅಷ್ಟಾಗಿ ಒಪ್ಪಿತವಲ್ಲ. ನಿನ್ನೆಯ ತಪ್ಪು ನಿನ್ನೆಗೇ ಮುಗಿಯಬೇಕಾದರೆ ಪೂರ್ತಿ ಮುಗಿಯುವ ದಾರಿಯೂ ಇರಬೇಕು.

ಹಾಗೆಂದು ಮೊದಲೇ ಬಂದವರನ್ನೆಲ್ಲ ಹೊರಗಟ್ಟುವುದು ಸರಿಯಲ್ಲ. ವೈರಸ್ ತಡೆಯುವ ತಂತ್ರಾಂಶ ಉಳಿದವರಿಗಿಂತ ಮುಂಚೆ ಏಳಬೇಕು, ತಡವಾಗಿ ಬಂದರೆ ಅದರಿಂದ ಪ್ರಯೋಜನವಿಲ್ಲ. ಬೂಟ್‌ಲೋಡರಿನ ಸಹಿ ಅಸಲಿಯೇ ಎಂದು ಫರ್ಮ್‌ವೇರ್ ಪರೀಕ್ಷಿಸುವ ಹೊತ್ತು ನಷ್ಟವಲ್ಲ. ಯಾವುದು ಕರೆದಾಗ ಬಂದರೆ ಸಾಕು, ಯಾವುದು ಮೊದಲೇ ಇರಬೇಕು ಎಂಬುದನ್ನು ಯಂತ್ರ ತೀರ್ಮಾನಿಸಲಾರದು. ಅದು ಭಾರ ಹೇಳುತ್ತದೆ, ಬೆಲೆ ಹೇಳುವುದಿಲ್ಲ.

‘ಬರಹ’ದ ವಿಷಯದಲ್ಲಿ ನಮ್ಮಿಬ್ಬರಲ್ಲಿ ಒಮ್ಮತವಿರಲಿಲ್ಲ. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಹೊರತಂದ ಈ ತಂತ್ರಾಂಶ ಊರು ಬಿಟ್ಟ ಎಷ್ಟೋ ಕನ್ನಡಿಗರ ಕೈಗೆ ಲಿಪಿಯನ್ನು ಮರಳಿ ಕೊಟ್ಟಿತು. ಈಗ ವಿಂಡೋಸಿನಲ್ಲೇ ಕನ್ನಡ ಕೀಬೋರ್ಡ್ ಇದೆ, ‘ಬರಹ’ವನ್ನು ಬರೆಯಲು ಕೂತಾಗ ತೆರೆದುಕೊಳ್ಳಬಹುದಲ್ಲ ಎಂದೆ.

“ಇಲ್ಲ ಮಾರಾಯ್ರೆ. ಇಂಗ್ಲಿಷ್ ಸ್ವಿಚ್ ಒತ್ತಿದ ಕೂಡ್ಲೇ ಬರ್ತದೆ, ಕನ್ನಡ ಮಾತ್ರ ಯಾಕೆ ಕರೆದ ಮೇಲೆ ಬರ್ಬೇಕು?”

ನನ್ನಲ್ಲಿ ಉತ್ತರವಿರಲಿಲ್ಲ. ‘ಬರಹ’ ಉಳಿಯಿತು.

ಹಾರ್ಡ್ ಡಿಸ್ಕು ತೆಗೆದು ಎಸ್‌ಎಸ್‌ಡಿ ಹಾಕುವುದೆಂದಾಯಿತು. ಬದಲಿಸುವ ಮುನ್ನ ಲೇಖನಗಳನ್ನೆಲ್ಲ ಬೇರೆಡೆಗೆ ನಕಲು ಮಾಡಿಸಿದೆ. ಹಾರ್ಡ್ ಡಿಸ್ಕು ಒಂದೇ ಜಾಗವನ್ನು ಮತ್ತೆಮತ್ತೆ ಓದಲು ಹೆಣಗುತ್ತಿದ್ದರೆ ಆ ನಿಧಾನ ಕೆಡುವಿಕೆಯ ಮುನ್ಸೂಚನೆಯೂ ಆಗಿರಬಹುದು, ಅದನ್ನು ವಯಸ್ಸೆಂದು ತಳ್ಳಿಹಾಕಿದವರು ಬರೆದದ್ದನ್ನೆಲ್ಲ ಕಳೆದುಕೊಳ್ಳುತ್ತಾರೆ. ಎಸ್‌ಎಸ್‌ಡಿ ಕೂರಿಸಿದ ಮೇಲೆ ರಾಯರು ಸ್ನಾನಕ್ಕೆ ಏಳುವ ಮೊದಲೇ ಪಾಸ್‌ವರ್ಡ್ ಕೇಳತೊಡಗಿತು. ಪಟ್ಟಿಯಿಂದ ಪ್ರಿಂಟರು, ಮೀಟಿಂಗು, ಹಾಡು, ಪಿಡಿಎಫ್, ಹಳೆಯ ಆಂಟಿವೈರಸ್ ಎಲ್ಲ ಹೋದವು. ಕ್ಲೌಡಿನದನ್ನೂ ತೆಗೆಯಲು ಹೋದಾಗ ಅವರು ನನ್ನ ಕೈ ಹಿಡಿದರು. ವಿದೇಶದಲ್ಲಿರುವ ಮೊಮ್ಮಗಳ ಫೋಟೊಗಳು ಅದರಲ್ಲೇ ಬರುವುದು. ಅದು ‘ಹೈ’, ಸ್ವಲ್ಪ ತಡ ಮಾಡುತ್ತದೆ ಎಂದು ಹೇಳಿದೆ. ಯಾರಿಗೆ ಕಾಯುವುದು ಅಂತ ಈಗ ಗೊತ್ತುಂಟಲ್ಲ, ಇರಲಿ ಬಿಡಿ ಎಂದರು.