ಮಾಡಿದವರಿಗೆ ಮಾಡಿದಷ್ಟು

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಕತ್ತಲಲ್ಲಿ ಮಾಡುವ ಕೆಲಸ ಬಹಳ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಈರುಳ್ಳಿಗೋ ಶೇಂಗಾಕ್ಕೋ ನೀರು ಕಟ್ಟಲು ಎದ್ದು ಹೋಗಲೇಬೇಕು. ಮೊಳಕಾಲ್ಮುರು ಕಡೆಯ ಗುಡ್ಡಗಳಿಂದ ಕರಡಿ ಹೊಲಕ್ಕಿಳಿಯುತ್ತದೆ. ದೇವರ ಎತ್ತು ಕಾಯುವ ಕಿಲಾರಿಗೂ ಕುರಿಹಟ್ಟಿಯಲ್ಲಿ ಮಲಗುವವನಿಗೂ ಕೈಯಲ್ಲಿ ಬ್ಯಾಟ್ರಿ ಇರಲೇಬೇಕು. ಮನೆಯೊಳಗೆ ಬಂದರೆ ಟಿ.ವಿ. ರಿಮೋಟು, ಗೋಡೆ ಗಡಿಯಾರ, ಹಿರಿಯರ ಬಿ.ಪಿ. ಮಿಷನ್ನು, ನಾಯಕನಹಟ್ಟಿ ಜಾತ್ರೆಯಲ್ಲಿ ಮಗು ಹಟ ಮಾಡಿ ಕೊಡಿಸಿಕೊಂಡ ಕಾರು. ಇವುಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ಪೆನ್ಸಿಲ್ ಸೆಲ್ಲು.

ತಿಂಗಳು ತಿಂಗಳೂ ಸೆಲ್ಲು ಕೊಂಡು ಸಾಕಾದವರು ಒಂದು ದಿನ ರೀಚಾರ್ಜ್ ಸೆಲ್ಲು ತರುತ್ತಾರೆ. ನಾಲ್ಕು ಸೆಲ್ಲಿನ ಜೊತೆ ಅಗ್ಗದ ಚಾರ್ಜರೂ ಒಂದೇ ಪ್ಯಾಕಿನಲ್ಲಿ ಬರುತ್ತದೆ. ವರ್ಷ ತುಂಬುವುದರೊಳಗೆ ಸೆಲ್ಲು ಕೈಕೊಡುತ್ತದೆ. ‘ರೀಚಾರ್ಜ್ ಸೆಲ್ಲು ಬಾಳಿಕೆ ಬರಲ್ಲ ಬಿಡ್ರಿ’ ಎಂದು ಅಂಗಡಿಯವರೂ ಹೇಳುತ್ತಾರೆ, ತಂದವರೂ ಹೇಳುತ್ತಾರೆ. ನೂರಾರು ಸಲ ಚಾರ್ಜ್ ಆಗಬೇಕಾದ ಸೆಲ್ಲು ಹೀಗೆ ಬೇಗ ಸತ್ತರೆ ಮೊದಲು ಅನುಮಾನಿಸಬೇಕಾದದ್ದು ಚಾರ್ಜರನ್ನು.

ಅಗ್ಗದ ಚಾರ್ಜರುಗಳಲ್ಲಿ ಬಹಳಷ್ಟು ಜೋಡಿ ಲೆಕ್ಕದವು. ಎರಡು ಸೆಲ್ಲು ಹಾಕಿದರಷ್ಟೇ ಕೆಲಸ ಮಾಡುತ್ತವೆ. ಒಂದೇ ಕರೆಂಟು ಎರಡರೊಳಗೂ ಹಾದುಹೋಗುತ್ತದೆ. ರಾತ್ರಿಯೆಲ್ಲ ಬ್ಯಾಟ್ರಿಯಲ್ಲಿ ಉರಿದು ಬರಿದಾದ ಸೆಲ್ಲನ್ನೂ ರಿಮೋಟಿನಲ್ಲಿ ತಿಂಗಳುಗಟ್ಟಲೆ ಆರಾಮಾಗಿ ಕೂತಿದ್ದ ಸೆಲ್ಲನ್ನೂ ಅಕ್ಕಪಕ್ಕ ಇಟ್ಟರೆ ಏನಾಗುತ್ತದೆ ನೋಡಿ. ರಿಮೋಟಿನದು ಬೇಗನೆ ತುಂಬಿಬಿಡುತ್ತದೆ. ಆದರೂ ಕರೆಂಟು ನಿಲ್ಲುವುದಿಲ್ಲ. ತುಂಬಿದ ಸೆಲ್ಲಿಗೆ ಹರಿದದ್ದೆಲ್ಲ ಬಿಸಿಯಾಗುತ್ತದೆ, ಒಳಗೆ ಒತ್ತಡ ಏರುತ್ತದೆ, ಸೆಲ್ಲಿನ ದ್ರವ ಸವೆಯುತ್ತದೆ. ಪಕ್ಕದಲ್ಲೇ ಇರುವ, ನಿಜವಾಗಿ ದುಡಿದು ದಣಿದ ಸೆಲ್ಲು ಇನ್ನೂ ಅರೆಹೊಟ್ಟೆ. ಅಷ್ಟರಲ್ಲಿ ಯಾರೋ ಪ್ಲಗ್ಗು ಕಿತ್ತರೆ ಮುಗಿಯಿತು, ಒಂದು ಕೆಟ್ಟಿತು, ಇನ್ನೊಂದು ತುಂಬಲಿಲ್ಲ. ಮೇಲುನೋಟಕ್ಕೆ ಇಬ್ಬರಿಗೂ ಸಮಪಾಲು. ಒಳಗೆ ಇಬ್ಬರಿಗೂ ಅನ್ಯಾಯ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಹೆಸರಿನೊಂದಿಗೆ ಈ ಸೀಮೆಯ ಬಾಯಲ್ಲಿ ಉಳಿದ ಮಾತು ‘ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ’. ಬರದ ನಾಡಿನಲ್ಲಿ ಕೆರೆ ಕಟ್ಟಿಸಿದ ಆ ಸಂತನ ಬಳಿ ಮಣ್ಣು ಹೊತ್ತವರಿಗೆ ಅವರವರ ದುಡಿಮೆಗೆ ತಕ್ಕಷ್ಟೇ ಕೂಲಿ ಸಲ್ಲುತ್ತಿತ್ತು ಎಂಬುದು ಜನ ಹೇಳಿಕೊಂಡು ಬಂದ ಕತೆ. ಜೋಡಿ ಲೆಕ್ಕ ಬಿಟ್ಟು ಒಂದೊಂದು ಸೆಲ್ಲನ್ನೂ ಬೇರೆಯಾಗಿ ನೋಡುವ ಸ್ಮಾರ್ಟ್ ಚಾರ್ಜರ್ ಮಾಡುವುದೂ ಇದನ್ನೇ. ಹೆಚ್ಚು ದುಡಿದು ಬರಿದಾದ ಸೆಲ್ಲಿಗೆ ಹೆಚ್ಚು, ಕಡಿಮೆ ದುಡಿದದ್ದಕ್ಕೆ ಕಡಿಮೆ. ಸೆಲ್ಲು ಕೂರುವ ಒಂದೊಂದು ಮನೆಗೂ ಬೇರೆ ಬೇರೆ ಲೆಕ್ಕ.

ಆ ಲೆಕ್ಕ ಅದಕ್ಕೆ ಗೊತ್ತಾಗುವ ಬಗೆ ಸೊಗಸಾಗಿದೆ. ಮನೆಬಳಕೆಯ ರೀಚಾರ್ಜ್ ಸೆಲ್ಲುಗಳಲ್ಲಿ ಹೆಚ್ಚಿನವು ನಿಕಲ್ ಮೆಟಲ್ ಹೈಡ್ರೈಡ್ ಜಾತಿಯವು, 1.2 ವೋಲ್ಟಿನವು. ಚಾರ್ಜ್ ಆಗುತ್ತಿರುವಾಗ ವೋಲ್ಟೇಜು ನಿಧಾನವಾಗಿ ಮೇಲೇರುತ್ತದೆ. ಪೂರ್ತಿ ತುಂಬಿದ ಗಳಿಗೆಯಲ್ಲಿ ಮಾತ್ರ ಒಂದು ಚೂರು ಕೆಳಗಿಳಿಯುತ್ತದೆ, ಕೆಲವೇ ಮಿಲಿವೋಲ್ಟಿನಷ್ಟು. ಸೆಲ್ಲು ‘ಸಾಕು’ ಅನ್ನುವುದು ಹೀಗೆ. ಆ ಇಳಿತವನ್ನು ಹಿಡಿದು ಕರೆಂಟು ನಿಲ್ಲಿಸುವುದೇ ಸ್ಮಾರ್ಟ್ ಚಾರ್ಜರಿನ ಜಾಣತನ. ಒಳ್ಳೆಯ ಚಾರ್ಜರುಗಳು ಸೆಲ್ಲಿನ ಬಿಸಿಯ ಮೇಲೂ ಕಣ್ಣಿಡುತ್ತವೆ.

ಕೊಳ್ಳುವಾಗ ದೊಡ್ಡ ಪರೀಕ್ಷೆಯೇನೂ ಬೇಡ. ಅಂಗಡಿಯಲ್ಲೇ ಒಂದೇ ಒಂದು ರೀಚಾರ್ಜ್ ಸೆಲ್ಲು ಹಾಕಿಸಿ ನೋಡಿ. ದೀಪ ಹತ್ತದಿದ್ದರೆ ಅದು ಜೋಡಿ ಲೆಕ್ಕದ್ದು, ಬಿಟ್ಟು ಬನ್ನಿ. ನಾಲ್ಕು ಮನೆಗೂ ನಾಲ್ಕು ಸೂಚನೆ ಬೇರೆ ಬೇರೆ ತೋರಿಸುವುದು ಒಳ್ಳೆಯದು. ಆಮೇಲೆ ಕರೆಂಟಿನ ಅಳತೆ ಓದಿ: 2000 ಎಂಎಎಚ್‌ನ ಸೆಲ್ಲಿಗೆ 500ರಿಂದ 1000 ಮಿಲಿಆಂಪ್ ಹದ. ತೀರಾ ನಿಧಾನ ಕೊಟ್ಟರೆ ಆ ಸಣ್ಣ ಇಳಿತ ಚಾರ್ಜರಿನ ಗಮನಕ್ಕೇ ಬಾರದೆ ಹೋಗಬಹುದು. ತೀರಾ ಅವಸರಪಟ್ಟರೆ ಸೆಲ್ಲು ಬಿಸಿಯೇರುತ್ತದೆ. ಸೆಲ್ಲಿನ ಮೇಲೆ ಮೂರು ಸಾವಿರ, ನಾಲ್ಕು ಸಾವಿರ ಎಂಎಎಚ್ ಎಂದು ಬರೆದಿದ್ದರೆ ನಂಬಬೇಡಿ, ಪೆನ್ಸಿಲ್ ಗಾತ್ರದ ಈ ಜಾತಿಯ ಸೆಲ್ಲಿನಲ್ಲಿ ಅಷ್ಟು ಹಿಡಿಸುವುದಿಲ್ಲ. 2000ದ ಆಸುಪಾಸಿನ ಅಳತೆ ನಂಬಬಹುದು. ಇಟ್ಟಲ್ಲೇ ಚಾರ್ಜು ಬೇಗ ಸೋರದಂಥ ಸೆಲ್ಲುಗಳು 2005ರಿಂದ ಬಂದಿವೆ, ಬಿ.ಪಿ. ಮಿಷನ್ನಿನಂತೆ ಆಗೊಮ್ಮೆ ಈಗೊಮ್ಮೆ ಬಳಸುವುದಕ್ಕೆ ಅವೇ ಲೇಸು.

ನಮ್ಮ ಕಡೆಯ ಬಿಸಿಲಿಗೆ ಇನ್ನೊಂದು ಮಾತು ಸೇರಿಸಬೇಕು. ಸುತ್ತಲ ಕಾವು 40 ಡಿಗ್ರಿ ದಾಟಿದರೆ ಈ ಸೆಲ್ಲುಗಳಿಗೆ ಚಾರ್ಜು ಸರಿಯಾಗಿ ಹತ್ತುವುದಿಲ್ಲ, ಆಯಸ್ಸೂ ಕಡಿಮೆಯಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಶೀಟಿನ ಮನೆಯಲ್ಲಿ ಚಾರ್ಜಿಗೆ ಹಾಕುವ ಬದಲು ಬೆಳಗ್ಗೆ ಎದ್ದ ಕೂಡಲೇ ಹಾಕಿ. ಮಾಳಿಗೆ ಮನೆಯ ತಂಪು ಇದ್ದವರು ಪುಣ್ಯವಂತರು. ಬಳಸಿ ಬಿಸಾಡುವ ಮಾಮೂಲಿ ಸೆಲ್ಲನ್ನಾಗಲಿ ಲಿಥಿಯಂ ಸೆಲ್ಲನ್ನಾಗಲಿ ಈ ಚಾರ್ಜರಿಗೆ ಹಾಕಲೇಬೇಡಿ, ಸೋರಬಹುದು, ಸಿಡಿಯಲೂಬಹುದು. ಗೋಡೆ ಗಡಿಯಾರಕ್ಕೆ ಮಾಮೂಲಿ ಸೆಲ್ಲೇ ಸಾಕು, ವರ್ಷ ಎಳೆಯುತ್ತದೆ. ಸತ್ತ ಸೆಲ್ಲನ್ನು ತಿಪ್ಪೆಗೆ ಎಸೆಯದೆ ಬೇರೆಯಾಗಿಡಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿಯಮ ಹೇಳುತ್ತದೆ.

ಅಂಗೈಯಗಲದ ಯಂತ್ರವೊಂದು ನಾಲ್ಕು ಸೆಲ್ಲುಗಳಲ್ಲಿ ಯಾವುದು ಎಷ್ಟು ದುಡಿದಿದೆ ಎಂದು ಬೇರೆ ಬೇರೆಯಾಗಿ ನೋಡಿ ಕೊಡುತ್ತದೆ. ಅದನ್ನೇ ಮೆಚ್ಚಿ, ನಾಲ್ಕು ಕಾಸು ಹೆಚ್ಚು ತೆತ್ತು ಕೊಳ್ಳುವ ನಾವು ಹೊಲದಲ್ಲಿ ಮಾತ್ರ ಹಳೆಯ ಲೆಕ್ಕ ಬಿಟ್ಟಿಲ್ಲ. ಬೆಳಗಿನಿಂದ ಬಗ್ಗಿದ ಸೊಂಟ ಎತ್ತದೆ ಕಳೆ ಕಿತ್ತು, ಶೇಂಗಾ ಬಿಡಿಸಿದವರಿಗೆ ಹೆಣ್ಣಾಳು ಎಂಬ ಒಂದೇ ಕಾರಣಕ್ಕೆ ಕೂಲಿ ಕಡಿಮೆ. ಸಂಜೆ ಮನೆ ಸೇರಿದ ಮೇಲೂ ದಣಿದವರ ಸರದಿ ಕೊನೆಗೇ ಬರುತ್ತದೆ: ಊಟಕ್ಕೂ ಅವರೇ ಕೊನೆ, ಮಲಗುವುದಕ್ಕೂ ಅವರೇ ಕೊನೆ. ಜಾತ್ರೆಗೆ ಹೋಗಿ ತೇರಿಗೆ ಕೈಮುಗಿದು ಕೊಬ್ಬರಿ ಸುಟ್ಟು ಬರುವವರಿಗೆ ಸ್ವಾಮಿಯ ಮಾತು ಬಾಯಿಪಾಠವಾಗಿದೆ. ಅದನ್ನು ಪಾಲಿಸಲು ಜಾತ್ರೆಯವರೆಗೂ ಕಾಯಬೇಕಿಲ್ಲ, ಮುಂದಿನ ಕೂಲಿ ಬಟವಾಡೆ ಸಾಕು.